ರಾಹುಕಾಲದಲ್ಲಿ ಒತ್ತಿದ ಗುಂಡಿ

ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಾಗ ನನ್ನನ್ನು ಯಾರೂ ಎಬ್ಬಿಸಬಾರದು. ಕೈಯೆಲ್ಲ ಲೋಳೆ, ಮಡಿಲೆಲ್ಲ ಸಿಪ್ಪೆ. ಆ ಶುಕ್ರವಾರ ಹಾಗೆ ಕೂತಿದ್ದಾಗಲೇ ಸೊಸೆ ರೂಪಾ ದೇವರ ಮನೆಯಿಂದ ಕೂಗಿದಳು, "ಅತ್ತೆ, ಎಚ್.ಡಿ. ಕೋಟೆಯಿಂದ ಈಗ ಬಂತು." ಬಂದದ್ದು ನೆಂಟರಲ್ಲ, ವಿಡಿಯೊ.

ರೂಪಾ ಬಿ.ಎಡ್. ಓದುತ್ತಿದ್ದಾಳೆ. ಮುಂದೆ ಮೇಷ್ಟ್ರಾಗುವವರಿಗೆ ಕಂಪ್ಯೂಟರು, ಮೊಬೈಲಿನಲ್ಲಿ ಪಾಠ ಕಟ್ಟುವುದನ್ನು ಕಲಿಸಲು ಆನ್‌ಲೈನ್ ತರಬೇತಿ ಇಟ್ಟಿದ್ದಾರೆ. ಒಬ್ಬೊಬ್ಬರೇ ಮಾಡುವ ಹಾಗಿಲ್ಲ, ಗುಂಪಾಗಿಯೇ ಮಾಡಬೇಕಂತೆ. ಕೆ.ಆರ್. ನಗರದಿಂದ ಇವಳು, ಹುಣಸೂರಿನಿಂದ ನಾಗರಾಜ, ಪಿರಿಯಾಪಟ್ಟಣದಿಂದ ಶೋಭಾ, ಕೋಟೆ ಕಡೆಯ ಕಾಡಂಚಿನ ಹಾಡಿಯಿಂದ ಮಾದೇವಿ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ದೇವರ ಮನೆಯಲ್ಲಿ ಮಾತ್ರ. ಗುಂಪಿನ ವಿಡಿಯೊ ಕರೆ ನಡೆಯುವಾಗ ನಾನು ಗಂಟೆ ಮುಟ್ಟಿದರೆ ಸಾಕು, "ಅತ್ತೆ, ಸದ್ದು" ಅನ್ನುತ್ತಾಳೆ. ನಮ್ಮ ಮನೆದೇವರು ನಂಜುಂಡ ಗಂಟೆಯ ಸದ್ದು ಕೇಳಿ ವಾರವಾಗಿತ್ತು. ಒಂದು ದಿನ ಸದ್ದಿಲ್ಲದೆ ಮಂಗಳಾರತಿ ಎತ್ತಿದರೆ, ಪರದೆಯೊಳಗಿನ ನಾಗರಾಜ ಹುಣಸೂರಿನಿಂದಲೇ ಕೈ ಚಾಚಿ ಕಣ್ಣಿಗೊತ್ತಿಕೊಂಡ. ಅಷ್ಟು ಭಕ್ತಿಯಾದರೂ ಇದೆಯಲ್ಲ ಎಂದುಕೊಂಡೆ.

ಅವರ ಪಾಠ ಮಳೆ ಹೇಗೆ ಬರುತ್ತದೆ ಎಂಬುದು. ಮಾದೇವಿಯ ಭಾಗವೊಂದು ಬಾಕಿ. ಹಾಡಿಯಲ್ಲಿ ನೆಟ್‌ವರ್ಕ್ ಇಲ್ಲದೆ ಪಾಪ ಆ ಹುಡುಗಿ ಬಸ್ ನಿಲ್ದಾಣದವರೆಗೆ ಬಂದು ಕಳಿಸುವಷ್ಟರಲ್ಲಿ ಹನ್ನೊಂದೂವರೆ ದಾಟಿತ್ತು. ಹನ್ನೆರಡಕ್ಕೆ ಪಾಠ ಸಲ್ಲಿಸುವ ಪುಟ ಮುಚ್ಚುತ್ತದೆ. ಆಮೇಲೆ ನಾಲ್ವರೂ ತರಬೇತಿಯನ್ನು ಮೊದಲಿಂದ ಮಾಡಬೇಕು. ನಾನು ಸಿಪ್ಪೆ ಕೊಡವಿ ಎದ್ದು ದೇವರ ಮನೆಗೆ ಹೋಗಿ ಕೂತೆ. ರೂಪಾ ವಿಡಿಯೊ ಜೋಡಿಸಿದಳು. ಇನ್ನು ಯಾರಾದರೊಬ್ಬರು 'ಸಲ್ಲಿಸಿ' ಎಂಬ ಗುಂಡಿ ಒತ್ತಿದರೆ ಮುಗಿಯಿತು.

ಯಾರೂ ಒತ್ತಲಿಲ್ಲ. ಶುಕ್ರವಾರ ಹನ್ನೆರಡರವರೆಗೂ ರಾಹುಕಾಲ.

"ನೀವೇ ಒತ್ತಿ ನಾಗರಾಜಣ್ಣ," ಅಂದಳು ರೂಪಾ.

"ನಮ್ಮವ್ವ ಪಕ್ಕದಲ್ಲೇ ಕುಂತವ್ಳೆ ಕಣಮ್ಮ, ಕೈ ಮುರೀತಾಳೆ. ಶೋಭಾ ಒತ್ಲಿ ಬುಡು."

"ನಂಗೆ ಮೊದ್ಲೇ ಸಾಡೇಸಾತಿ ಶನಿ," ಅಂದಳು ಶೋಭಾ.

ಬಸ್ಸಿನ ಹಾರನ್ನಿನ ನಡುವೆ ಮಾದೇವಿ, "ನಮ್ಮ ಹಾಡೀಲಿ ರಾಹುಕಾಲ ಯಾರ್ ನೋಡ್ತಾರೆ, ನಾನೇ ಒತ್ತೀನಿ ಅಂದ್ರೆ ಇಲ್ಲಿ ಪುಟ ಸುಮ್ನೆ ಸುತ್ತುತಾ ಅದೆ" ಅಂದಳು.

ನನಗೆ ಮೈಯೆಲ್ಲ ಉರಿಯಿತು. ಇವರು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವರು. ಬಯ್ಯಲು ಬಾಯಿ ತೆರೆದೆ. ರೂಪಾ ನನ್ನನ್ನೇ ನೋಡಿದಳು. ಹೋದ ವಾರ ರಾಹುಕಾಲದಲ್ಲಿ ಹೊಸ ಸೀರೆಯ ಮಡಿಕೆ ಬಿಚ್ಚಬೇಡ ಎಂದು ಅವಳ ಕೈ ಹಿಡಿದವಳು ನಾನೇ. ಬಯ್ಯುವುದು ಬಿಟ್ಟು ಗಡಿಯಾರ ನೋಡಿದೆ.

ಹನ್ನೆರಡಕ್ಕೆ ಇನ್ನೇನು ಸ್ವಲ್ಪ ಹೊತ್ತು. ಪರೀಕ್ಷೆ ಅವರದು, ನೌಕರಿ ಅವರದು. ನನ್ನಿಂದ ರಾಹು ಕಿತ್ತುಕೊಂಡು ಹೋಗಲು ಮಂಡಿನೋವು ಬಿಟ್ಟರೆ ಏನಿದೆ? ಹೋಗಲಿ ತಗೊಂಡು.

"ಫೋನ್ ತಾರೆ ಇಲ್ಲಿ."

ಒತ್ತಿದೆ. ಫೋನು ಮಿಸುಕಲಿಲ್ಲ, ಲೋಳೆ ಬೆರಳಿಗೆ ಅದು ಬಗ್ಗುತ್ತದೆಯೇ? ಸೆರಗಿಗೆ ಒರೆಸಿಕೊಂಡು, ನಂಜುಂಡನನ್ನು ನೆನೆದು ಮತ್ತೆ ಒತ್ತಿದೆ. ಈ ಸಲ ಪಾಠ ಹೋಗಿ ಸೇರಿತು.

ನಾಗರಾಜನ ಅವ್ವ ಪರದೆಗೆ ಮುಖ ತಂದು, "ಒಳ್ಳೇ ಕೆಲ್ಸ ಮಾಡಿದ್ರಿ ಕಣಕ್ಕ. ಮುಂದಿನ ಪಾಠಾನೂ ಶುಕ್ರವಾರವೇ ಅಂತೆ, ನೀವೇ ಒತ್ಬುಡಿ" ಅಂದರು. ನಾಲ್ಕು ತಾಲ್ಲೂಕಿನ ರಾಹುಕಾಲ ನನ್ನ ತಲೆಗೆ ಬಂತು.

ಆದರೂ ಹನ್ನೆರಡು ಹೊಡೆದ ಮೇಲೆ, ಬೇಡ ಅನ್ನುವವರಿಲ್ಲದೆ, ಮನಸಾರೆ ಗಂಟೆ ಬಾರಿಸಿದೆ. ಏಳುವಾಗ ಮಂಡಿ ಹಿಡಿಯಿತು. ರಾಹುವಿಗೂ ಆ ನೋವು ಬೇಡವಾಗಿತ್ತು. ಕುಂಟುತ್ತಾ ಹೋಗಿ ಉಳಿದ ಅವರೆಕಾಳಿನ ಮುಂದೆ ಕೂತೆ.