ನನ್ನ ಕಾಲು ಮತ್ತು ಗೌರಿಯ ಮುಂಗಾಲು

ಕುಂಟೆಬಿಲ್ಲೆಯಲ್ಲಿ ನನ್ನನ್ನು ಸೋಲಿಸುವವರು ಇಡೀ ಪಾಂಡವಪುರ ತಾಲ್ಲೂಕಿನಲ್ಲಿ ಇರಲಿಲ್ಲ. ಇದು ನನ್ನ ಅಭಿಪ್ರಾಯ. ಇದನ್ನು ಮಾಲ್ಡೀವ್ಸಿನ ಮಕ್ಕಳಿಗೂ ಮನದಟ್ಟು ಮಾಡಿಸಲು ಹೊರಟೆ.

ಅಲ್ಲಿನ ಒಂದು ಪುಟ್ಟ ದ್ವೀಪದ ಶಾಲೆಯಲ್ಲಿ ನಾನು ಗಣಿತದ ಮೇಡಂ. ಗಂಡ ಮತ್ತು ಅತ್ತೆ ನಮ್ಮೂರು ಚಿನಕುರಳಿಯಲ್ಲಿದ್ದಾರೆ. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಮರಳಿನಲ್ಲಿ ಮನೆಗಳನ್ನು ಬರೆದು, ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಒಂಟಿಕಾಲಲ್ಲಿ ಎರಡು ಮನೆ ದಾಟಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಆ ಹುರುಪಿನಲ್ಲಿ ಮೂರನೆಯ ಮನೆ ಬಿಟ್ಟು ನಾಲ್ಕಕ್ಕೇ ಹಾರಿದೆ. ಬಲಗಾಲು ಉಳುಕಿ ಬಿದ್ದೆ. ಮಕ್ಕಳು ಅದೂ ಆಟದ ಭಾಗವೆಂದು ತಿಳಿದು ಇನ್ನೊಮ್ಮೆ ಚಪ್ಪಾಳೆ ತಟ್ಟಿದರು.

ಆಸ್ಪತ್ರೆಯ ನರ್ಸು ಬ್ಯಾಂಡೇಜ್ ಸುತ್ತಿ, ಮೂಳೆಗೇನೂ ಆಗಿಲ್ಲ, ನಾಲ್ಕು ದಿನ ಓಡಾಡಬೇಡಿ ಎಂದಳು.

ರೂಮಿಗೆ ಬಂದು ಗಂಡನಿಗೆ ವಿಡಿಯೋ ಕಾಲ್ ಮಾಡಿದೆ. ಸಮುದ್ರದಾಚೆ ಹೆಂಡತಿ ಬಿದ್ದಿದ್ದಾಳೆ, ಅವರು ಗಾಬರಿಯಾಗುತ್ತಾರೆ, ಊಟ ಬಿಡುತ್ತಾರೆ, ನಾನೇ ಸಮಾಧಾನ ಹೇಳಬೇಕಾಗುತ್ತದೆ ಎಂದೆಲ್ಲ ತಯಾರಾಗಿದ್ದೆ. ಫೋನೆತ್ತಿದ್ದು ಅತ್ತೆ. ಮಗ ಕೊಟ್ಟಿಗೆಯಲ್ಲಿದ್ದಾನೆ, ಎದ್ದು ಬರುವ ಹಾಗಿಲ್ಲ ಎಂದರು. ಕೊನೆಗೆ ಫೋನನ್ನೇ ಕೊಟ್ಟಿಗೆಗೆ ಒಯ್ದರು.

"ನನ್ ಕಾಲು ಉಳುಕಿದೆ ರೀ," ಎಂದೆ.

"ಗೌರೀಗೂ ಅಂಗೇ ಆಗದೆ ಕಣಮ್ಮಿ," ಎಂದರು ಅವರು. "ನಾಲೆ ಏರಿ ಮ್ಯಾಲೆ ಜಾರ್ಬುಟ್ಟು ಮುಂಗಾಲು ಊದ್ಕೊಂಡದೆ. ಪಾಪ, ಬಾಯಿಲ್ದ ಜೀವ."

ಗೌರಿ ಎಂದರೆ ನಮ್ಮ ಸೀಮೆಹಸು. ನಾನು ಇತ್ತ ಬಂದ ಮೇಲೆ ಮನೆಗೆ ಬಂದವಳು. ಅಂದರೆ, ನಾನಿಲ್ಲದ ಸಮಯ ನೋಡಿ ಬಂದವಳು!

ಅತ್ತೆ ಫೋನನ್ನು ಅವಳ ಕಡೆ ತಿರುಗಿಸಿದರು. ನನ್ನ ಗಂಡ ಬಿಸಿ ಉಪ್ಪಿನ ಗಂಟಿನಿಂದ ಅವಳ ಕಾಲಿಗೆ ಶಾಖ ಕೊಟ್ಟು, ಹರಳೆಣ್ಣೆ ಹಚ್ಚಿ ಮೆಲ್ಲಗೆ ನೀವುತ್ತಿದ್ದರು. ಮದುವೆಯ ದಿನ ಕಾಲುಂಗುರ ತೊಡಿಸಲು ನನ್ನ ಕಾಲು ಮುಟ್ಟಿದ ಈ ಮನುಷ್ಯ ಆಮೇಲೆ ಅದರತ್ತ ತಿರುಗಿಯೂ ನೋಡಿರಲಿಲ್ಲ. ಗೌರಿ ಅರೆಗಣ್ಣು ಮುಚ್ಚಿ ಮೆಲುಕು ಹಾಕುತ್ತಿದ್ದಳು.

"ಮೂಳೆ ಬಿರುಕು ಬಿಟ್ಟಿದೆಯಂತೆ," ಎಂದುಬಿಟ್ಟೆ.

ಗೌರಿಯ ಕಾಲು ನೀವುತ್ತಿದ್ದ ಕೈ ನಿಂತಿತು. ಆ ಕ್ಷಣದ ಸುಖವನ್ನು ವರ್ಣಿಸಲಾರೆ. ಆದರೆ ಮರುಕ್ಷಣವೇ ಅವರು, ಪ್ಲಾಸ್ಟರ್ ಹಾಕಿಸಿಕೊಂಡು ನಾಳೆ ತೋರಿಸು ಎಂದರು.

ಮರುದಿನ ಡ್ರಾಯಿಂಗ್ ಹಾಳೆಯನ್ನು ಸುರುಳಿ ಮಾಡಿ ಮೊಣಕಾಲಿನವರೆಗೆ ಕಟ್ಟಿ, ಮೇಲೆ ಬಿಳಿ ವೇಲು ಬಿಗಿದೆ. ನಿಜವಾದ ಪ್ಲಾಸ್ಟರಿಗಿಂತ ಲಕ್ಷಣವಾಗಿತ್ತು. ಗಂಡನಿಗೆ ತೋರಿಸಿ, ತಕ್ಕಮಟ್ಟಿಗೆ ನರಳಿ, ಫೋನಿಟ್ಟು ತಿರುಗಿದರೆ ಬಾಗಿಲಲ್ಲಿ ಪಕ್ಕದ ರೂಮಿನ ಟೀಚರ್ ಶೀಬಾ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರಿನ್ಸಿಪಾಲರ ಮನೆಯತ್ತ ಓಡಿದಳು.

ಪ್ರಿನ್ಸಿಪಾಲರು ಕರುಣಾಳು. ತಾವೇ ಬಂದು, ನಾನು ಹಾಸಿಗೆಯಿಂದ ಏಳುವುದನ್ನೇ ನಿಷೇಧಿಸಿದರು. ವಾರದ ಕೊನೆಗೆ ಟೀಚರುಗಳೆಲ್ಲ ದೋಣಿಯಲ್ಲಿ ಡಾಲ್ಫಿನ್ ನೋಡಲು ಹೋಗುವುದಿತ್ತು. ಅದಕ್ಕೆಂದೇ ನಾನು ಹೊಸ ಟೋಪಿ ಕೊಂಡಿದ್ದೆ. ನನ್ನ ಹೆಸರು ಕೈಬಿಟ್ಟರು. ಟೋಪಿಯನ್ನು ಶೀಬಾ ಹಾಕಿಕೊಂಡು ಹೋದಳು. ಅವಳಿಗೆ ಅದು ಒಪ್ಪಿತ್ತು ಕೂಡ.

ದೋಣಿ ಕಣ್ಮರೆಯಾದ ಮೇಲೆ ಮನೆಗೆ ಫೋನ್ ಮಾಡಿದೆ. ಅಲ್ಲಾದರೂ ನನ್ನ ಬೆಲೆ ಏರಿರಬೇಕಲ್ಲ!

ಏರಿತ್ತು. ಅತ್ತೆ ಡೈರಿಗೆ ಹಾಲು ಹಾಕಲು ಹೋದಾಗ ಸುದ್ದಿ ಹೇಳಿದ್ದರಂತೆ. ಮನೆಯಲ್ಲಿ ಬಿರುಕಾಗಿದ್ದ ಮೂಳೆ ಡೈರಿ ತಲುಪುವಷ್ಟರಲ್ಲಿ ಎರಡು ತುಂಡಾಗಿತ್ತು. ಊರಿನವರು ಒಬ್ಬೊಬ್ಬರಾಗಿ ವಿಚಾರಿಸಲು ಬರುತ್ತಿದ್ದರು. ಅರಕೆರೆಯಿಂದ ನನ್ನ ಚಿಕ್ಕಮ್ಮ ಬಸ್ಸು ಹತ್ತಿ ಬಂದಿದ್ದರಂತೆ. ಯಾರೂ ಬರಿಗೈಯಲ್ಲಿ ಬಂದಿರಲಿಲ್ಲ, ಬಾಳೆಹಣ್ಣು ತಂದಿದ್ದರು. ಆದರೆ ನೋಡುವುದಕ್ಕೆ ರೋಗಿ ಮನೆಯಲ್ಲಿಲ್ಲ. ಬಂದದ್ದು ವ್ಯರ್ಥವಾಗಬಾರದೆಂದು ಎಲ್ಲರೂ ಕೊಟ್ಟಿಗೆಗೆ ಹೋಗಿ, ಗೌರಿಯ ಕಾಲು ನೋಡಿ, ಲೊಚಗುಟ್ಟಿ ಹೋಗುತ್ತಿದ್ದರಂತೆ.

"ಅಷ್ಟೊಂದು ಹಣ್ಣು ಏನ್ ಮಾಡಿದ್ರಿ?" ಎಂದು ಕೇಳಿದೆ.

"ನಾನೂ ಅವ್ವನೂ ಎಷ್ಟೂಂತ ತಿನ್ನಾದು? ಗೌರೀಗೆ ಆಕ್ತಾ ಇವ್ನಿ," ಎಂದರು ಗಂಡ. ಆಮೇಲೆ ದನಿ ತಗ್ಗಿಸಿದರು. "ಅದ್ನ ತಿಂದು ಆಲು ಕೊಡಾದು ಜಾಸ್ತಿ ಆಗದೆ ಕಣಮ್ಮಿ. ನೀನು ಅವಸ್ರ ಮಾಡ್ಬ್ಯಾಡ. ಇನ್ನೊಂದ್ ವಾರ ಮನೀಕೊಂಡೇ ಇರು."

ಇಷ್ಟು ಮೃದುವಾಗಿ ಅವರು ನನ್ನೊಡನೆ ಮಾತಾಡಿದ್ದೇ ಅಪರೂಪ. ಖುಷಿಪಡಬೇಕೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ ಫೋನು ಅತ್ತ ತಿರುಗಿತು. ಗೌರಿ ಕೊಟ್ಟಿಗೆಯಿಂದ ಅಂಗಳಕ್ಕೆ ಠೀವಿಯಿಂದ ನಡೆದು ಬಂದಳು. ಒಂಚೂರೂ ಕುಂಟುತ್ತಿರಲಿಲ್ಲ.

ನನ್ನ ಕಾಲೂ ಅಷ್ಟುಹೊತ್ತಿಗೆ ಪೂರ್ತಿ ವಾಸಿಯಾಗಿತ್ತು. ಆದರೆ ಎದ್ದು ನಡೆಯುವ ಹಾಗಿದ್ದದ್ದು ಅವಳು ಮಾತ್ರ.