ಹೆಪ್ಪಿಗೆ ಸ್ವಾವಲಂಬನೆ ಕಲಿಸಿದ್ದು

ಸಮಾಜವನ್ನು ತಿದ್ದುವ ಕಾರ್ಯ ಅಡುಗೆಮನೆಯಿಂದಲೇ ಆರಂಭವಾಗಬೇಕೆಂಬುದು ಕಾಲೇಜಿನ ಚರ್ಚಾಕೂಟದ ದಿನಗಳಿಂದಲೂ ನನ್ನ ಖಚಿತ ನಿಲುವು. ಅಡುಗೆಮನೆಯ ನಿಲುವೇನೆಂದು ಮಾತ್ರ ಕೇಳಿರಲಿಲ್ಲ!

ಜಯನಗರ ಆಗಿನ್ನೂ ಅರ್ಧ ಬಡಾವಣೆ, ಅರ್ಧ ಬಯಲು. ನಮ್ಮ ಸಾಲಿನಲ್ಲಿ ಇದ್ದುದು ನಮ್ಮದೊಂದು, ಪದ್ಮಕ್ಕನವರದೊಂದು ಮನೆ. ಕಾಂಪೌಂಡಿನ ಮೇಲೆ ಹೆಪ್ಪು, ಕಾಫಿಪುಡಿ, ಕರಿಬೇವು ಅತ್ತಿಂದಿತ್ತ ಓಡಾಡುತ್ತಲೇ ಇರುತ್ತಿದ್ದವು. ಈ ಪರಾವಲಂಬನೆ ನನ್ನನ್ನು ಬಹುವಾಗಿ ನೋಯಿಸುತ್ತಿತ್ತು. ಆಗಲೇ, ಬ್ಯಾಕ್ಟೀರಿಯಾಗಳ ಮೇಲೆ ಸಂಶೋಧನೆ ನಡೆಸುತ್ತಿದ್ದ ನನ್ನ ಭಾವಮೈದುನ ಶೇಷಾದ್ರಿ ಊಟಕ್ಕೆ ಬಂದವನು ನನಗೊಂದು ಬ್ರಹ್ಮಾಸ್ತ್ರ ಕೊಟ್ಟುಬಿಟ್ಟ.

“ಕರುಳಲ್ಲಿ ಒಂದು ಬ್ಯಾಕ್ಟೀರಿಯಾ ಇರತ್ತೆ ಭಾವ. ಬೇಕಾದ ಅಮೈನೋ ಆಮ್ಲ ಹೊರಗಡೆನೇ ಸಿಕ್ತು ಅಂದ್ರೆ ತಾನು ಮಾಡೋದನ್ನ ನಿಲ್ಲಿಸಿಬಿಡತ್ತೆ. ಒಳಗೊಂದು ಕಾವಲು ಪ್ರೋಟೀನ್ ಇದೆ. ಸಿಕ್ಕಿದ ಆಮ್ಲ ಅದಕ್ಕೆ ಅಂಟ್ಕೊಳ್ತೋ, ಅದು ಹೋಗಿ ಜೀನ್ ಮೇಲೆ ಕೂತು ಬಾಗಿಲು ಹಾಕತ್ತೆ. ಆಮ್ಲ ಮುಗಿದ್ರೆ ಕಾವಲುಗಾರ ಎದ್ದು ಹೋಗ್ತಾನೆ. ಬಾಗಿಲು ತೆರೆಯತ್ತೆ, ಕೆಲಸ ಶುರು!”

“ಇದಲ್ಲವೇ ಸ್ವಾವಲಂಬನೆ!” ಎಂದು ನಾನು ಎಂಜಲು ಕೈಯನ್ನೇ ಎತ್ತಿದೆ.

ಆ ಭಾನುವಾರವೇ ಬಡಾವಣೆಯ ಸಭೆಯಲ್ಲಿ ಗುಡುಗಿದೆ: “ಕೇಳಿದವರಿಗೆ ಕೊಡುವುದೆಂದರೆ ಅವರ ಜೀನಿನ ಬಾಗಿಲು ಹಾಕುವುದು!” ಮುಂದಿನ ಸಾಲಿನಲ್ಲಿದ್ದ ಪದ್ಮಕ್ಕ ತಲೆದೂಗಿದರು.

ಮಾತಿಗೆ ಪ್ರಾತ್ಯಕ್ಷಿಕೆಯೂ ಬೇಡವೇ? ಮೊಸರಿನಲ್ಲಿರುವುದೂ ಬ್ಯಾಕ್ಟೀರಿಯಾವೇ. ನನ್ನ ಹೆಂಡತಿ ಶಾರದೆ ತರಕಾರಿಗೆ ಹೋದ ಸಮಯ ಸಾಧಿಸಿ, ಮನೆಯಲ್ಲಿದ್ದ ಹೆಪ್ಪನ್ನೆಲ್ಲ ಸಕ್ಕರೆನೀರಿಗೆ ಸುರಿದು ಚಿಟಿಕೆ ಉಪ್ಪು ಹಾಕಿದೆ. ಹಾಲಿನ ಹಂಗಿಲ್ಲದೆ ಅವು ತಮ್ಮ ಅಮೈನೋ ಆಮ್ಲವನ್ನು ತಾವೇ ತಯಾರಿಸಿಕೊಳ್ಳಲಿ!

ಹಿಂದಿರುಗಿದ ಶಾರದೆ ಬರಿದಾದ ಬಟ್ಟಲನ್ನು ನೋಡಿದಳು.

“ಅಯ್ಯೋ, ಅದು ನಮ್ಮಮ್ಮನ ಮನೆ ಹೆಪ್ಪು ರೀ! ಮದುವೇಲಿ ತಂದಿದ್ದು. ನಾಳೆ ಮಧ್ಯಾಹ್ನ ಅಪ್ಪ ಊಟಕ್ಕೆ ಬರ್ತಿದ್ದಾರೆ!”

ಮಾವನವರು ಹೊಸ ಮನೆಗೆ ಬರುತ್ತಿದ್ದುದು ಅದೇ ಮೊದಲು. ಮೊಸರನ್ನವಿಲ್ಲದೆ ಅವರ ಊಟ ಮುಗಿಯದು. ಹೋಟೆಲಿನ ಮೊಸರನ್ನು ಅವರು ಮುಟ್ಟರು.

ನಿಂಬೆರಸದಿಂದಲೂ ಹೆಪ್ಪು ಹಾಕಬಹುದೆಂದು ಎಲ್ಲೋ ಕೇಳಿದ್ದೆ. ಇಡೀ ಹಣ್ಣನ್ನು ಕುದಿಯುವ ಹಾಲಿಗೆ ಹಿಂಡಿದೆ. ಹಾಲು ಒಡೆಯಿತು. ಶಾರದೆಯ ತಾಳ್ಮೆಯೂ!

“ಇನ್ನೇನೂ ಮುಟ್ಟಬೇಡಿ! ಪದ್ಮಕ್ಕನ ಹತ್ರ ಒಂದು ಚಮಚ ಈಸ್ಕೊಂಡ್ ಬನ್ನಿ. ಬೇಗ! ದೀಪ ಹಚ್ಚಿದ್ಮೇಲೆ ಅವರು ಹೆಪ್ಪು ಕೊಡಲ್ಲ.”

ಪದ್ಮಕ್ಕ ಬಾಗಿಲಲ್ಲೇ ಸಿಕ್ಕಿದರು.

“ಹೆಪ್ಪಾ? ಕೊಟ್ರೆ ನಿಮ್ಮ ಜೀನ್ ಬಾಗಿಲು ಹಾಕ್ಕೊಳಲ್ವಾ ರಾಯರೇ?” ಎಂದು ನಗುತ್ತಲೇ ಬಟ್ಟಲನ್ನು ಕೈಗೆತ್ತಿಕೊಂಡರು.

ಆಗ ನಾನು ತೆಪ್ಪಗೆ ಕೈ ಚಾಚಬೇಕಿತ್ತು. ಆದರೆ ಎದುರಾಳಿಯ ವಾದಕ್ಕೆ ಉತ್ತರಿಸದೆ ವೇದಿಕೆ ಇಳಿದವನಲ್ಲ ನಾನು! “ತತ್ತ್ವಕ್ಕೂ ತುರ್ತಿಗೂ ಇರುವ ಅಂತರವನ್ನು ತಾವು ಗಮನಿಸಬೇಕು” ಎಂದು ತೊಡಗಿದೆ. ಪೂರ್ವಪಕ್ಷವನ್ನು ಮಂಡಿಸಿದೆ. ಅದನ್ನು ಖಂಡಿಸಿದೆ. ಉಪಸಂಹಾರಕ್ಕೆ ಬರುವಷ್ಟರಲ್ಲಿ ಪದ್ಮಕ್ಕ ಒಳಗೆ ಹೋಗಿ ದೇವರ ದೀಪ ಹಚ್ಚಿ ಬಂದಿದ್ದರು.

“ನೀವು ಹೇಳಿದ್ದೆಲ್ಲ ಒಪ್ಪಿದೆ ರಾಯರೇ. ಆದ್ರೆ ದೀಪ ಹಚ್ಚಾಯ್ತಲ್ಲ, ಇನ್ನು ಬೆಳಿಗ್ಗೇನೇ.”

ಚರ್ಚೆಯಲ್ಲಿ ಗೆದ್ದೆ. ಬರಿಗೈಯಲ್ಲಿ ಬಂದೆ.

ಬೆಳಿಗ್ಗೆ ಪದ್ಮಕ್ಕನೇ ಕಾಂಪೌಂಡಿನ ಮೇಲೆ ಬಟ್ಟಲಿಟ್ಟು, “ಇದು ನಿಮ್ಮಮ್ಮನ ಮನೇದೇ ಕಣೇ ಶಾರದಾ. ನೀನೇ ಕೊಟ್ಟಿದ್ದಲ್ವಾ?” ಎಂದರು. ನಾನು ಖಂಡಿಸಿದ ಪರಾವಲಂಬನೆಯೇ ಮಾವನ ಮನೆಯ ಹೆಪ್ಪನ್ನು ಉಳಿಸಿತ್ತು! ಆದರೆ ಬೆಳಿಗ್ಗೆ ಹೆಪ್ಪು ಹಾಕಿದ ಹಾಲು ಮಧ್ಯಾಹ್ನಕ್ಕೆ ಮೊಸರಾಗಲಿಲ್ಲ. ಮಾವನವರು ಹಾಲನ್ನವನ್ನು ಉಂಡು, “ಮನೆಗೆ ಗಾಳಿ ಬೆಳಕು ಚೆನ್ನಾಗಿದೆ” ಎಂದರು. ಊಟದ ಮಾತೇ ಎತ್ತಲಿಲ್ಲ.

ಅವರ ಜೊತೆ ಬಂದಿದ್ದ ಶೇಷಾದ್ರಿ ನನ್ನ ಸಕ್ಕರೆನೀರಿನ ಪಾತ್ರೆಯಲ್ಲಿ ಇಣುಕಿದ.

“ಭಾವ, ನಾನು ಹೇಳಿದ್ದು ಕರುಳಿನ ಬ್ಯಾಕ್ಟೀರಿಯಾ ವಿಷಯ. ಮೊಸರಿಂದು ಬೇರೆ. ಹಾಲಲ್ಲೇ ಸುಖವಾಗಿದ್ದೂ ಇದ್ದೂ ಎಷ್ಟೋ ಅಮೈನೋ ಆಮ್ಲ ಮಾಡೋ ಶಕ್ತಿನೇ ಅದಕ್ಕಿಲ್ಲ. ಪೂರೈಕೆ ನಿಂತ್ರೆ ಯಾವ ಬಾಗಿಲೂ ತೆರೆಯಲ್ಲ, ಸುಮ್ನೆ ಕೂತಿರತ್ತೆ.”

ಶಾರದೆ ಇದನ್ನು ಬಹಳ ಶ್ರದ್ಧೆಯಿಂದ ಕೇಳಿಸಿಕೊಂಡಳು. ತಂದೆಯನ್ನು ಊರಿಗೆ ಕಳಿಸಿಕೊಟ್ಟ ಮರುದಿನ ಒಲೆ ಹಚ್ಚಲಿಲ್ಲ.

“ಪೂರೈಕೆ ನಿಲ್ಲಿಸಿದೀನಿ. ನೀವು ಯಾವ ಪೈಕಿ ನೋಡೋಣ” ಎಂದು ವರಾಂಡದಲ್ಲಿ ಹೂ ಕಟ್ಟುತ್ತಾ ಕುಳಿತಳು.

ನಾನು ಅಡುಗೆಮನೆ ಹೊಕ್ಕು, ನನ್ನೊಳಗಿನ ಕಾವಲುಗಾರ ಏಳಲೆಂದು ಕಾದೆ. ಅವನು ಏಳಲಿಲ್ಲ. ಬೆಂಕಿಪೊಟ್ಟಣವೂ ಸಿಗಲಿಲ್ಲ. ಸೂರ್ಯ ಪಶ್ಚಿಮಕ್ಕೆ ವಾಲಿದಾಗ, ನಾನು ಮೊಸರಿನ ಪೈಕಿಯೆಂಬುದು ನಿರ್ವಿವಾದವಾಗಿ ಸಿದ್ಧವಾಯಿತು. ಪಾತ್ರೆ ಹಿಡಿದು ಕಾಂಪೌಂಡಿನ ಬಳಿಗೆ ಹೋದೆ.

“ಪದ್ಮಕ್ಕಾ, ಒಂದು ಸೌಟು ಸಾರು ಮಿಕ್ಕಿದ್ಯಾ?”

ಅವರಿನ್ನೂ ದೀಪ ಹಚ್ಚಿರಲಿಲ್ಲ. ನಾನೂ ಪೀಠಿಕೆ ಹಾಕಲಿಲ್ಲ!