ಅತ್ತೆ ತೊಳೆದ ಬೇರು

ಬಟ್ಟೆ ಒಣಗಿಸುವ ತಂತಿಯಲ್ಲಿ ಭತ್ತದ ಬುಡಗಳು ಸಾಲಾಗಿ ನೇತಾಡುತ್ತಿದ್ದವು. ಒಂದೊಂದಕ್ಕೂ ಒಂದೊಂದು ಕ್ಲಿಪ್ಪು. ಬೇರುಗಳು ಎಷ್ಟು ಬೆಳ್ಳಗಿದ್ದವೆಂದರೆ, ಯಾರೋ ಶಾವಿಗೆ ಒಣಹಾಕಿದ್ದಾರೆ ಅನ್ನಬೇಕು!

ನನ್ನ ಸೋದರತ್ತೆ ಈ ಭೂಮಿಯ ಮೇಲೆ ತೊಳೆಯದೆ ಬಿಟ್ಟದ್ದು ಮಳೆಯೊಂದನ್ನೇ. ಹೊಸನಗರದ ಅವರ ಮನೆಗೆ ಬಂದ ತೆಂಗಿನಕಾಯಿಗೂ ಸ್ನಾನ, ಹಲಸಿನಹಣ್ಣಿಗೂ ಸ್ನಾನ. ಸೋಪನ್ನೂ ಬಳಸುವ ಮೊದಲು ತೊಳೆಯುತ್ತಾರೆ. ಯಾವುದರಿಂದ ಎಂದು ನನ್ನನ್ನು ಕೇಳಬೇಡಿ! ಒಮ್ಮೆ ತೀರ್ಥಹಳ್ಳಿಯ ಬೀಗರು ಒಳಗೆ ಕಾಫಿ ಕುಡಿಯುವಷ್ಟರಲ್ಲಿ ಹೊರಗೆ ಅವರ ಚಪ್ಪಲಿಗಳನ್ನೆಲ್ಲ ಉಜ್ಜಿ ತೊಳೆದಿಟ್ಟಿದ್ದರು. ಬೀಗರು ಪಚಪಚ ಸದ್ದು ಮಾಡುತ್ತಾ ಬಸ್ಸು ಹತ್ತಿದರು. "ಕಾಲು ತೊಳ್ಕಂಡು ಬಂದೋರಿಗೆ ಮತ್ತೆ ಕೊಳೆ ಚಪ್ಪಲಿ ಹಾಕ್ಸದಾ?" ಎಂದು ಅತ್ತೆ ನಮ್ಮನ್ನೇ ಗದರಿದರು.

ನಾನೂ ನಕ್ಕವಳೇ. ಭತ್ತದ ಸರದಿ ಬರುವವರೆಗೆ.

ನನ್ನ ಸಂಶೋಧನೆ ಇಷ್ಟು: ಗದ್ದೆ ಒಂದೇ, ನೀರು ಒಂದೇ; ಆದರೂ ಪ್ರತಿಯೊಂದು ಭತ್ತದ ತಳಿ ತನ್ನ ಹುಟ್ಟುಗುಣಕ್ಕೆ ತಕ್ಕಂತೆ ಬೇರಿನ ಸುತ್ತ ಬೇರೆ ಬೇರೆ ಸೂಕ್ಷ್ಮಜೀವಿಗಳನ್ನು ಸೇರಿಸಿಕೊಳ್ಳುತ್ತದೆ. ಅವು ಇರುವುದು ಬೇರಿಗೆ ಮೆತ್ತಿದ ತೆಳ್ಳನೆಯ ಮಣ್ಣಿನಲ್ಲಿ. ಅದನ್ನು ತೆಗೆಯಬೇಕಾದದ್ದು ಪೈರು ಹೂ ಬಿಟ್ಟಾಗ. ಹೂ ಮುಗಿದರೆ ಒಂದು ವರ್ಷ ಕಾಯಬೇಕು. ಅತ್ತೆಯ ಗದ್ದೆಯಲ್ಲೇ ತಳಿಗಳನ್ನು ನೆಟ್ಟಿದ್ದೆ. ಅಂದು ಬುಡ ಕಿತ್ತು ಹಿತ್ತಲ ನೆರಳಲ್ಲಿಟ್ಟು, ಆ ಮಣ್ಣು ಕೆಡದಂತೆ ಇಡಲು ಐಸ್ ತರಲೆಂದು ಸಾಗರ ಪೇಟೆಗೆ ಹೋಗಿ ಬಂದೆ. (ಐಸ್ ಸಿಗುವುದು ಮೀನಿನಂಗಡಿಯಲ್ಲಿ ಎಂದು ಅತ್ತೆಗೆ ಹೇಳಿರಲಿಲ್ಲ.)

"ಅತ್ತೇ! ಇದನ್ನ ಯಾರು ತೊಳೆದದ್ದು?"

"ಮತ್ಯಾರು ತೊಳೀತಾರೆ ಮಾರಾಯ್ತಿ? ನಿನ್ನ ಯೂನಿವರ್ಸಿಟಿಯೋರು ಬತ್ತಾರಾ?"

"ನನಗೆ ಬೇಕಾಗಿದ್ದದ್ದು ಆ ಮಣ್ಣು!"

"ಇಷ್ಟು ಓದಿ ಮಣ್ಣು ಹೊತ್ಕಂಡು ಹೋಗ್ತೀಯಾ? ಹಿತ್ಲಲ್ಲಿ ಬೇಕಾದಷ್ಟಿದೆ, ಒಂದು ಬುಟ್ಟಿ ತಗಂಡು ಹೋಗು."

"ಆ ಬೇರಿಂದೇ ಆಗ್ಬೇಕು ಅತ್ತೆ. ಅದ್ರಲ್ಲಿ ಬ್ಯಾಕ್ಟೀರಿಯಾ ಇರ್ತಾವೆ."

"ನಂಗೊತ್ತಿಲ್ವಾ? ಅದಕ್ಕೇ ಎರಡು ಸಲ ತೊಳ್ದೆ!"

ಉಳುಮೆಯಿಂದ ಹೂವಿನವರೆಗೆ ಕಾದದ್ದು ಬಚ್ಚಲ ಕಾಲುವೆಯಲ್ಲಿ ಹರಿದು ಬಸಳೆಯ ಬುಡ ಸೇರಿತ್ತು. ಯಾರ ಮುಂದೆಯೂ ದನಿ ಏರಿಸದ ನಾನು ಕೂಗಿದೆ. "ನಿಮ್ಮನ್ನ ಯಾರು ಕೇಳಿದ್ರು? ಒಂದು ವಸ್ತುವನ್ನಾದರೂ ಅದರ ಪಾಡಿಗೆ ಇರಲು ಬಿಟ್ಟಿದ್ದೀರಾ?"

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡರು.

"ಬೆಳಿಗ್ಗೆ ನಿನ್ನ ಬೆರಳು ನೋಡ್ದೆ ಕೂಸೇ. ಕೆಸರಿಗೆ ಬಿರಿದು ರಕ್ತ ಒಸರ್ತಿತ್ತು. ಇದನ್ನೂ ನೀನೇ ತೊಳೀಬೇಕಲ್ಲ ಅಂತ..."

ಆ ಬೆರಳುಗಳನ್ನು ನಾನು ಯಾರಿಗೂ ತೋರಿಸಿರಲಿಲ್ಲ. ಸೆರಗಿನಿಂದ ಹೊರಬಂದ ಅವರ ಬೆರಳುಗಳನ್ನು ನಾನು ಮೊದಲ ಸಲ ನೋಡಿದ್ದೂ ಆಗಲೇ. ಅವು ನನ್ನವಕ್ಕಿಂತ ಹೆಚ್ಚು ಬಿರಿದಿದ್ದವು.

ಗದ್ದೆಯಲ್ಲಿ ಕೀಳದೆ ಉಳಿದ ಪೈರಿನಲ್ಲಿ ಇನ್ನೂ ಹೂವಿತ್ತು. ಮರುದಿನ ಬೆಳಿಗ್ಗೆ ಅತ್ತೆಯನ್ನೂ ಕರೆದುಕೊಂಡು ಹೋದೆ. ಒಂದು ತಳಿಯ ಬುಡ ತೆಗೆದ ಸಲಿಕೆ ಇನ್ನೊಂದಕ್ಕೆ ತಾಗುವ ಮೊದಲು ಚೆನ್ನಾಗಿ ತೊಳೆಯಬೇಕು. ಇಲ್ಲವಾದರೆ ಎರಡರ ಮಣ್ಣೂ ಬೆರೆಯುತ್ತದೆ. ಆ ಕೆಲಸಕ್ಕೆ ಅವರಿಗಿಂತ ಯಾರು ಬೇಕು? ಬೇರು ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿಕೊಂಡೆ. ಮಾದರಿ ಮುಟ್ಟಲೆಂದು ಜೋಪಾನವಾಗಿಟ್ಟಿದ್ದ ಗ್ಲೌಸಿನಲ್ಲಿ ಒಂದು ಜೊತೆ ತೆಗೆದು, ಒಂದೊಂದೇ ಬೆರಳು ನೋಯದಂತೆ ಅವರ ಕೈಗಳಿಗೆ ತೊಡಿಸಿ, ಸಲಿಕೆ ಕೊಟ್ಟೆ.